ಮಗುವಿಗೆ ಯಾವ ಹಸಿರು ಜಾಗ? ಪೋಡಿಯಂ, ಬಡಾವಣೆ ಪಾರ್ಕು, ಮೈದಾನ, ಕೆರೆ ಏರಿ, ಲಾಲ್‌ಬಾಗ್: ಬೆಂಗಳೂರಿನ ಪೋಷಕರಿಗೊಂದು ಹೋಲಿಕೆ

ಬೆಂಗಳೂರಿನಲ್ಲಿ ಮನೆ ಬದಲಿಸುವಾಗ, ಶಾಲೆ ಹುಡುಕುವಾಗ ‘ಹತ್ತಿರದಲ್ಲೇ ಪಾರ್ಕ್ ಇದೆ’ ಎಂಬ ಒಂದು ಮಾತಿಗೆ ಎಲ್ಲರೂ ಸಮಾಧಾನಪಟ್ಟುಕೊಳ್ಳುತ್ತಾರೆ. ಆದರೆ ಹಸಿರು ಹಸಿರಿಗೂ ವ್ಯತ್ಯಾಸವಿದೆ. ‘ಹುಲ್ಲಿನ ಮೇಲೆ ನಡೆಯಬೇಡಿ’ ಎಂದು ಬೋರ್ಡು ಹಾಕಿದ ಎರಡು ಎಕರೆ ಪಾರ್ಕಿಗಿಂತ, ನಾಲ್ಕು ಹೊಂಗೆ ಮರ ಮತ್ತು ಅಗೆಯಲು ಒಂದಿಷ್ಟು ಮಣ್ಣು ಇರುವ ಕಾಲು ಎಕರೆ ಜಾಗ ಏಳು ವರ್ಷದ ಮಗುವಿಗೆ ಎಷ್ಟೋ ಹೆಚ್ಚು ಕೊಡುತ್ತದೆ. ಹಾಗಾಗಿ ವಿಸ್ತೀರ್ಣ, ಹೆಸರು, ಅಂದ ಇವನ್ನೆಲ್ಲ ಸ್ವಲ್ಪ ಬದಿಗಿಟ್ಟು ಎರಡು ಪ್ರಶ್ನೆ ಕೇಳಿಕೊಳ್ಳಿ: ಮಗು ಅಲ್ಲಿಗೆ ವಾರದಲ್ಲಿ ಎಷ್ಟು ದಿನ ಹೋಗಲು ಸಾಧ್ಯ? ಹೋದಮೇಲೆ ಅಲ್ಲಿ ಏನೇನು ಮಾಡಲು ಬಿಡುತ್ತಾರೆ? ಕೆಳಗಿನ ಹೋಲಿಕೆಯೆಲ್ಲ ಈ ಎರಡು ಪ್ರಶ್ನೆಗಳ ಮೇಲೆ ನಿಂತಿದೆ.

ಯಾವುದರಿಂದ ಯಾವ ಲಾಭ

ಹಸಿರು ಜಾಗದ ಲಾಭ ಮಗುವಿಗೆ ಒಂದೇ ದಾರಿಯಲ್ಲಿ ಬರುವುದಿಲ್ಲ. ಬೆಳಕು, ಓಡಾಟ, ನೆರಳು, ಮಣ್ಣು, ವಾಹನಗಳಿಂದ ದೂರ, ಇವು ಒಂದೊಂದೂ ಬೇರೆ. ಎಲ್ಲವೂ ಒಂದೇ ಕಡೆ ಸಿಗುವುದು ಅಪರೂಪ.

ಬೆಳಕಿನಿಂದಲೇ ಶುರುಮಾಡಬೇಕು, ಏಕೆಂದರೆ ಅತ್ಯಂತ ಗಟ್ಟಿ ಪುರಾವೆ ಇರುವುದು ಇಲ್ಲಿ. ಮನೆಯೊಳಗೆ, ತರಗತಿಯೊಳಗೆ ಬೆಳಕು ಸಾಮಾನ್ಯವಾಗಿ 500 ಲಕ್ಸ್ (ಬೆಳಕಿನ ಪ್ರಖರತೆಯ ಅಳತೆ) ದಾಟುವುದಿಲ್ಲ. ಹೊರಗಿನ ಬಿಸಿಲಿನಲ್ಲಿ ಅದು ಹತ್ತಾರು ಸಾವಿರ ಲಕ್ಸ್. ಮರದ ನೆರಳಿನಲ್ಲಿಯೂ ಕೋಣೆಯ ಹಲವು ಪಟ್ಟು. ಈ ಪ್ರಖರ ಬೆಳಕಿಗೆ ಕಣ್ಣಿನ ಅಕ್ಷಿಪಟಲದಲ್ಲಿ ಡೋಪಮಿನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆ, ಅದು ಕಣ್ಣುಗುಡ್ಡೆ ಅಗತ್ಯಕ್ಕಿಂತ ಉದ್ದ ಬೆಳೆಯದಂತೆ ತಡೆಯುತ್ತದೆ ಎಂಬುದು ಈಗ ಹೆಚ್ಚಿನ ತಜ್ಞರು ಒಪ್ಪುವ ವಿವರಣೆ. ಹಾಗೆ ಉದ್ದ ಬೆಳೆದರೆ ಬರುವುದೇ ಸಮೀಪದೃಷ್ಟಿ, ಅಂದರೆ ದೂರದ್ದು ಮಸುಕಾಗಿ ಕಾಣುವ ದೋಷ. ಚೀನಾದ ಗುವಾಂಗ್‌ಝೌ ನಗರದ 12 ಶಾಲೆಗಳಲ್ಲಿ ಒಂದನೇ ತರಗತಿ ಮಕ್ಕಳ ಮೇಲೆ ಪ್ರಯೋಗ ನಡೆಯಿತು. ಅರ್ಧ ಶಾಲೆಗಳಲ್ಲಿ ದಿನವೂ 40 ನಿಮಿಷದ ಹೊರಾಂಗಣ ಅವಧಿ ಸೇರಿಸಿದರು. ಮೂರು ವರ್ಷದ ಬಳಿಕ, ಹೊಸದಾಗಿ ಸಮೀಪದೃಷ್ಟಿ ಬಂದ ಮಕ್ಕಳು ಆ ಶಾಲೆಗಳಲ್ಲಿ ಶೇ 30.4, ಉಳಿದವುಗಳಲ್ಲಿ ಶೇ 39.5. ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ತೈವಾನಿನ 2018ರ ಶಾಲಾ ಅಧ್ಯಯನದಲ್ಲಿ 1,000 ಲಕ್ಸ್‌ನಷ್ಟು ಬೆಳಕು, ಅಂದರೆ ಮರದಡಿಯ ಬೆಳಕು ಕೂಡ ಉಪಯೋಗಕ್ಕೆ ಬರುತ್ತದೆಂದು ಕಂಡಿತು. ಇದು ನಮ್ಮ ಊರಿಗೆ ಬಹಳ ಒಳ್ಳೆಯ ಸುದ್ದಿ: ಕಣ್ಣಿನ ಲಾಭಕ್ಕಾಗಿ ಮಗುವನ್ನು ಬಿಸಿಲಿನಲ್ಲಿ ಬೇಯಿಸಬೇಕಿಲ್ಲ. ಒಂದು ಎಚ್ಚರಿಕೆ ಮಾತ್ರ ಇದೆ. ಹೊರಗಿನ ಬೆಳಕು ಮೈನಸ್ ನಂಬರ್ ಬರುವುದನ್ನು ತಡೆಯುವಷ್ಟು ಚೆನ್ನಾಗಿ, ಬಂದ ನಂಬರ್ ಏರುವುದನ್ನು ತಡೆಯುವುದಿಲ್ಲ. ಆದ್ದರಿಂದ ಈ ಅಭ್ಯಾಸ ಕನ್ನಡಕ ಬಂದಮೇಲೆ ಅಲ್ಲ, ಐದಾರು ವರ್ಷಕ್ಕೇ ಬೀಳಬೇಕು. ಸಂಜೆ ಆರೂವರೆಗೆ ದೀಪದ ಕೆಳಗೆ ಆಡಿಸಿದರೆ ಮೈಗೆ ವ್ಯಾಯಾಮವಾದೀತು, ಕಣ್ಣಿಗೆ ಈ ಲಾಭವಿಲ್ಲ.

ವಿಟಮಿನ್ ಡಿ ವಿಷಯದಲ್ಲಿ ಒಂದು ನಂಬಿಕೆಯನ್ನು ಬಿಡಬೇಕು. ಬೆಳಗ್ಗೆ ಆರೂವರೆ, ಏಳರ ಎಳೆಬಿಸಿಲು ಹಿತವಾಗಿರುತ್ತದೆ, ನಿಜ. ಆದರೆ ಅದರಲ್ಲಿ ಚರ್ಮ ವಿಟಮಿನ್ ಡಿ ತಯಾರಿಸಲು ಬೇಕಾದ ಯುವಿ-ಬಿ ಕಿರಣ ಬಹುತೇಕ ಇರುವುದಿಲ್ಲ. ಸುಲಭ ಪರೀಕ್ಷೆ ಇದು: ಮಗುವಿನ ನೆರಳು ಮಗುವಿಗಿಂತ ಗಿಡ್ಡವಾಗಿದ್ದರೆ ಆ ಬಿಸಿಲು ಕೆಲಸ ಮಾಡುತ್ತದೆ, ಉದ್ದವಾಗಿದ್ದರೆ ಇಲ್ಲ. ಕಪ್ಪು ಚರ್ಮಕ್ಕೆ ಹೆಚ್ಚು ಹೊತ್ತು ಬೇಕು. ಶಾಲೆಯ ದಿನ ಈ ಹೊತ್ತು ಸಿಗುವುದು ಊಟದ ಬಿಡುವಿನಲ್ಲಿ ಮಾತ್ರ. ಹಾಗಾಗಿ ಶಾಲೆಯ ಅಂಗಳ ಎಂಥದ್ದು ಎಂಬುದು ಮನೆಯ ಹತ್ತಿರದ ಪಾರ್ಕಿನಷ್ಟೇ ಮುಖ್ಯವಾಗುತ್ತದೆ.

ಓಡಾಟದ ಲೆಕ್ಕ ಸರಳ. ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಏದುಸಿರು ಬರುವಂಥ ಚಟುವಟಿಕೆ ಬೇಕೆನ್ನುತ್ತದೆ. 3–4 ವರ್ಷದವರಿಗೆ ಒಟ್ಟು 180 ನಿಮಿಷ ಓಡಾಟ, ಅದರಲ್ಲಿ 60 ನಿಮಿಷ ಚುರುಕಿನದು. ಸಾಲಿನಲ್ಲಿ ಕಾದು ಜಾರುಬಂಡೆ ಏರಿದರೆ ಈ ಲೆಕ್ಕ ತುಂಬುವುದಿಲ್ಲ. ಏರಿಳಿತದ ನೆಲ, ಕಟ್ಟೆ, ಹತ್ತಬಹುದಾದ ಮರ, ಅಡ್ಡಿಯಿಲ್ಲದ 20–30 ಮೀಟರ್ ಓಟದ ಜಾಗ ಇದ್ದರೆ ತುಂಬುತ್ತದೆ. ಮರಕೋತಿ, ಲಗೋರಿ, ಕಣ್ಣಾಮುಚ್ಚಾಲೆಗೆ ಆಟದ ಸಾಮಾನೇ ಬೇಕಿಲ್ಲ, ಜಾಗ ಬೇಕು.

ಗಮನ ಮತ್ತು ಮನಸ್ಸಿನ ಬಗ್ಗೆ: ಬಾರ್ಸಿಲೋನಾದ 36 ಶಾಲೆಗಳ 2,593 ಮಕ್ಕಳನ್ನು ಒಂದು ವರ್ಷ ಗಮನಿಸಿದ ಅಧ್ಯಯನದಲ್ಲಿ (2015), ಸುತ್ತಮುತ್ತ, ಅದರಲ್ಲೂ ಶಾಲೆಯೊಳಗೆ, ಹೆಚ್ಚು ಹಸಿರಿದ್ದ ಮಕ್ಕಳ ಕಾರ್ಯಸ್ಮೃತಿ (ಕೆಲಸ ಮಾಡುತ್ತಲೇ ವಿಷಯವನ್ನು ತಲೆಯಲ್ಲಿ ಹಿಡಿದಿಟ್ಟುಕೊಳ್ಳುವ ಶಕ್ತಿ) ಹೆಚ್ಚು ವೇಗವಾಗಿ ಬೆಳೆಯಿತು. ಈ ಲಾಭದ ದೊಡ್ಡ ಪಾಲಿಗೆ ಕಾರಣ ವಾಹನದ ಹೊಗೆ ಕಡಿಮೆಯಿದ್ದದ್ದು ಎಂದೂ ಅದೇ ಅಧ್ಯಯನ ತೋರಿಸಿತು. ರಿಂಗ್ ರೋಡಿಗೆ ಅಂಟಿಕೊಂಡ ಪಾರ್ಕನ್ನೂ ಒಳರಸ್ತೆಯ ಪಾರ್ಕನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎನ್ನುವುದು ಇದಕ್ಕೇ. ಡೆನ್ಮಾರ್ಕಿನಲ್ಲಿ ಒಂಬತ್ತು ಲಕ್ಷಕ್ಕೂ ಹೆಚ್ಚು ಜನರ ದಾಖಲೆ ಪರಿಶೀಲಿಸಿದ 2019ರ ಅಧ್ಯಯನದಲ್ಲಿ, ಅತಿ ಕಡಿಮೆ ಹಸಿರಿನ ನಡುವೆ ಬಾಲ್ಯ ಕಳೆದವರಿಗೆ ಮುಂದೆ ಮಾನಸಿಕ ಕಾಯಿಲೆ ಬರುವ ಅಪಾಯ, ಕಾಯಿಲೆಗನುಗುಣವಾಗಿ, ಶೇ 55ರವರೆಗೆ ಹೆಚ್ಚಿತ್ತು. ಕುಟುಂಬದ ಆದಾಯ, ತಂದೆತಾಯಿಯ ಕಾಯಿಲೆ ಇತ್ಯಾದಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಸಂಬಂಧ ಉಳಿಯಿತು. ಆದರೂ ಇದು ಸಂಬಂಧ. ಹಸಿರಿಲ್ಲದ್ದರಿಂದಲೇ ಕಾಯಿಲೆ ಬಂತೆಂಬ ಸಾಬೀತಲ್ಲ.

ಮಣ್ಣಿನ ವಿಷಯಕ್ಕೆ ಫಿನ್‌ಲೆಂಡಿನ ಪ್ರಯೋಗವೊಂದಿದೆ (2020). ಶಿಶುವಿಹಾರಗಳ ಅಂಗಳಕ್ಕೆ ಕಾಡಿನ ನೆಲದ ಹೊದಿಕೆ, ಹುಲ್ಲು, ನೆಡುವ ಪೆಟ್ಟಿಗೆಗಳನ್ನು ತಂದು ಹಾಕಿದರು. 3–5 ವರ್ಷದ ಮಕ್ಕಳು 28 ದಿನ ಅದರಲ್ಲಿ ಆಡಿದಾಗ ಅವರ ಚರ್ಮದ ಮೇಲಿನ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಿತು, ರಕ್ತದಲ್ಲಿ ರೋಗನಿರೋಧಕ ವ್ಯವಸ್ಥೆಯನ್ನು ಹತೋಟಿಯಲ್ಲಿಡುವ ಗುರುತುಗಳು ಏರಿದವು. ಕೈಗೆ ಮಣ್ಣು ತಾಗದ ಹಸಿರಿನಿಂದ ಈ ಲಾಭ ಬರುವುದಿಲ್ಲ.

ನೆರಳಿಗೆ ನಮ್ಮೂರಿನದೇ ಅಂಕಿ ಇದೆ. ಹರಿಣಿ ನಾಗೇಂದ್ರ ಮತ್ತು ಸಂಗಡಿಗರು ಬೆಂಗಳೂರಿನ ರಸ್ತೆಗಳಲ್ಲಿ ಅಳೆದು 2013ರಲ್ಲಿ ಪ್ರಕಟಿಸಿದ ಪ್ರಕಾರ, ಮರಗಳಿದ್ದ ಕಡೆ ಮಧ್ಯಾಹ್ನದ ಗಾಳಿಯ ಉಷ್ಣತೆ 5.6 ಡಿಗ್ರಿಯವರೆಗೆ, ರಸ್ತೆ ಮೇಲ್ಮೈಯ ಉಷ್ಣತೆ 27.5 ಡಿಗ್ರಿಯವರೆಗೆ ಕಡಿಮೆಯಿತ್ತು. ಏಪ್ರಿಲ್ ತಿಂಗಳ ನಾಲ್ಕು ಗಂಟೆಗೆ ಮಗು ಹೊರಗೆ ಆಡುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಇದೇ ವ್ಯತ್ಯಾಸ.

ಅಪಾರ್ಟ್‌ಮೆಂಟಿನ ಪೋಡಿಯಂ

ಪೋಡಿಯಂ ಎಂದರೆ ಕಾರ್ ಪಾರ್ಕಿಂಗಿನ ಛಾವಣಿಯ ಮೇಲೆ ಮಾಡಿದ ಅಂಗಳ. ಇದರ ದೊಡ್ಡ ಬಲ: ರಸ್ತೆ ದಾಟಬೇಕಿಲ್ಲ, ಆರೇಳು ವರ್ಷದ ಮಗು ಒಂದೇ ಇಳಿದು ಹೋಗಬಹುದು, ಗೆಳೆಯರು ಅಲ್ಲೇ ಸಿಗುತ್ತಾರೆ. ವಾರದ ಏಳೂ ದಿನ ಬಳಕೆಯಾಗುವ ಜಾಗ ಇದೊಂದೇ. ಕಣ್ಣಿಗೆ ಬೇಕಾದ ಬೆಳಕೂ ಧಾರಾಳ.

ಕೊರತೆ ಇರುವುದು ನೆಲದಡಿ. ಕೆಳಗೆ ಕಾರ್ ಪಾರ್ಕಿಂಗ್ ಇರುವುದರಿಂದ ಸ್ಲ್ಯಾಬಿನ ಮೇಲೆ ಮಣ್ಣು ತೆಳುವಾಗಿರುತ್ತದೆ. ಅರ್ಧ ಮೀಟರ್ ಮಣ್ಣಿನಲ್ಲಿ ಹುಲ್ಲು, ಪೊದೆ, ತಾಳೆ ಜಾತಿಯ ಅಲಂಕಾರದ ಗಿಡ ಬರುತ್ತವೆಯೇ ಹೊರತು ನೆರಳು ಕೊಡುವ ಮರ ಬರುವುದಿಲ್ಲ. ಹತ್ತು ವರ್ಷ ಕಾದರೂ ಅಷ್ಟೇ. ಹಾಗಾಗಿ ಫ್ಲ್ಯಾಟ್ ನೋಡುವಾಗ ‘ಶೇ 70 ಓಪನ್ ಸ್ಪೇಸ್’ ಎಂಬ ಮಾತಿಗಿಂತ, ಅದರಲ್ಲಿ ಭೂಮಿಗೆ ನೇರ ತಾಗಿದ ಮಣ್ಣಿನ ಭಾಗ ಎಷ್ಟು ಎಂದು ಕೇಳಿ.

ಇನ್ನೊಂದು ಸಮಸ್ಯೆ ಪ್ಲಾಸ್ಟಿಕ್ ಹುಲ್ಲು. ಬಣ್ಣ ಹಸಿರಾದರೂ ಅದು ಹಸಿರು ಜಾಗವಲ್ಲ. ನೇರ ಬಿಸಿಲಿಗೆ ಅದರ ಮೇಲ್ಮೈ 60 ಡಿಗ್ರಿ ದಾಟುತ್ತದೆ. ಬರಿಗಾಲಿನ ಮಗುವಿಗೆ ಸುಟ್ಟಗಾಯವಾಗಲು ಅದು ಸಾಕು. ಕಪ್ಪು, ಕೆಂಪು ರಬ್ಬರ್ ನೆಲಹಾಸೂ ಕಾಯುತ್ತದೆ. ಜೊತೆಗೆ ಜನರೇಟರ್ ಹೊಗೆ ಕೊಳವೆ, ಕೊಳಚೆ ನೀರು ಶುದ್ಧಗೊಳಿಸುವ ಘಟಕವಾದ ಎಸ್‌ಟಿಪಿಯ ಗಾಳಿಕಿಂಡಿ ಎಲ್ಲಿ ತೆರೆದಿದೆ ನೋಡಿ. ಜಾಗ ಉಳಿಯಿತೆಂದು ಅದರ ಪಕ್ಕದಲ್ಲೇ ಜೋಕಾಲಿ ನಿಲ್ಲಿಸಿರುವುದುಂಟು. ಪಾರಿವಾಳ ಹೆಚ್ಚಿರುವ ಕಟ್ಟಡದಲ್ಲಿ ಒಣಗಿದ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಅದನ್ನು ಒಣಪೊರಕೆಯಲ್ಲಿ ಗುಡಿಸದೆ ನೀರು ಹಾಕಿ ತೊಳೆಯಬೇಕು.

ಅಂದಕ್ಕೆ ನೆಟ್ಟ ಗಿಡಗಳನ್ನೂ ಒಮ್ಮೆ ನೋಡಿಕೊಳ್ಳಿ. ಕಣಗಿಲೆ, ಹಳದಿ ಕಣಗಿಲೆಗಳ ಎಲೆ, ಹೂವು, ಬೀಜ ಎಲ್ಲವೂ ಹೃದಯಕ್ಕೆ ವಿಷ. ಡೀಫನ್‌ಬೇಕಿಯಾ ಎಲೆ ಕಚ್ಚಿದರೆ ಬಾಯಿ, ನಾಲಿಗೆ ಊದಿಕೊಳ್ಳುತ್ತದೆ. ಎಲ್ಲವನ್ನೂ ಬಾಯಿಗಿಡುವ ವಯಸ್ಸಿನ ಮಕ್ಕಳಿರುವ ಕಡೆ ಇವು ಇರಬಾರದು. ಬದಲಿಗೆ ದಾಸವಾಳ, ಮಲ್ಲಿಗೆ, ಕರಿಬೇವು, ದೊಡ್ಡಪತ್ರೆ ನೆಡಿಸಿ. ಮಕ್ಕಳು ಕಿತ್ತರೂ ತೊಂದರೆಯಿಲ್ಲ.

ಬಡಾವಣೆಯ ಪಾರ್ಕು

ನಮ್ಮ ಅಭಿಪ್ರಾಯದಲ್ಲಿ 3ರಿಂದ 9 ವರ್ಷದ ಬಹುಪಾಲು ಮಕ್ಕಳಿಗೆ ಇದೇ ಮೊದಲ ಆಯ್ಕೆ. ಕಾರಣ ಮರ. ಹಳೆಯ ಬಡಾವಣೆಗಳಾದ ಜಯನಗರ, ಮಲ್ಲೇಶ್ವರ, ಬಸವನಗುಡಿ ಕಡೆಯ ಪಾರ್ಕುಗಳಲ್ಲಿ ದಶಕಗಳ ಮಳೆಮರ, ಹೊಂಗೆ, ನೇರಳೆ ಇವೆ. ಹೊಸ ಬಡಾವಣೆಗಳಲ್ಲಿ ಮರ ಇನ್ನೂ ಎಳೆಯದು, ಆದರೆ ಮಣ್ಣಾದರೂ ನಿಜವಾದದ್ದು.

ನಗರ ಹಸಿರಿಗೆ 2021ರಲ್ಲಿ ಸೂಚಿತವಾದ 3-30-300 ಎಂಬ ಸೂತ್ರ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಮನೆಯ ಕಿಟಕಿಯಿಂದ 3 ಮರ ಕಾಣಬೇಕು, ಬಡಾವಣೆಯ ಶೇ 30 ಭಾಗಕ್ಕೆ ಮರದ ನೆರಳಿರಬೇಕು, 300 ಮೀಟರಿನೊಳಗೆ ಪಾರ್ಕಿರಬೇಕು. 300 ಮೀಟರ್ ಎಂದರೆ ಐದು ವರ್ಷದ ಮಗುವಿನ ಕಾಲಿಗೆ ಆರೇಳು ನಿಮಿಷ. ಆದರೆ ಫೋನಿನ ಮ್ಯಾಪ್ ತೋರಿಸುವ ದೂರವನ್ನಷ್ಟೇ ನಂಬಬೇಡಿ. ನಡುವೆ ಸಿಗ್ನಲ್ ಇಲ್ಲದ ಒಂದು ದೊಡ್ಡ ರಸ್ತೆ ಬಂದರೂ ಮಗು ಯಾರ ಜೊತೆಗಾದರೂ ಮಾತ್ರ ಹೋಗಬಹುದು. ಅಂದರೆ ನಿಮಗೆ ಬಿಡುವಿದ್ದ ದಿನ ಮಾತ್ರ.

ಪಾರ್ಕು ಎಡವುವುದು ನಿಯಮಗಳಲ್ಲಿ. ಎಷ್ಟೋ ಕಡೆ ವಿನ್ಯಾಸವೇ ವಾಕಿಂಗ್ ಮಾಡುವ ಹಿರಿಯರಿಗಾಗಿ ಆಗಿರುತ್ತದೆ: ಸುತ್ತ ಟ್ರ್ಯಾಕು, ನಡುವೆ ಬೇಲಿ ಹಾಕಿದ ಹುಲ್ಲು, ಮೂಲೆಯಲ್ಲಿ ನಾಲ್ಕು ಆಟದ ಸಾಮಾನು. ಚೆಂಡಾಟ ನಿಷೇಧ, ಮರ ಹತ್ತುವುದು ನಿಷೇಧ, ಶಾಲೆ ಬಿಟ್ಟು ಮಕ್ಕಳು ಬರುವ ಹೊತ್ತಿಗೆ ಗೇಟಿಗೆ ಬೀಗ. ಅಂಥ ಪಾರ್ಕಿನಲ್ಲಿ ಎಂಟು ವರ್ಷ ದಾಟಿದ ಮಗು ಬೇಸತ್ತು ಹೋಗುವುದನ್ನೇ ಬಿಡುತ್ತದೆ. ಓಪನ್ ಜಿಮ್ ಉಪಕರಣಗಳು ದೊಡ್ಡವರ ಅಳತೆಯವು. ತೂಗಾಡುವ ಕಬ್ಬಿಣದ ಸಂದುಗಳಲ್ಲಿ ಚಿಕ್ಕ ಬೆರಳು ಸಿಕ್ಕಿಕೊಂಡು ಜಜ್ಜುತ್ತದೆ. ಆರರೊಳಗಿನವರನ್ನು ಅಲ್ಲಿಗೆ ಬಿಡಲೇಬೇಡಿ.

ಶಾಲೆಯ ಅಂಗಳ ಮತ್ತು ಮೈದಾನ

ಓಟ, ಉಸಿರಿನ ಸಾಮರ್ಥ್ಯ, ಗುಂಪಿನಲ್ಲಿ ಆಡುವ ಕಲೆ ಇವಕ್ಕೆ ಮೈದಾನಕ್ಕೆ ಸಮನಾದ ಇನ್ನೊಂದು ಜಾಗವಿಲ್ಲ. ಒಂಬತ್ತು ದಾಟಿದ ಹುಡುಗರಿಗೆ ಇದೇ ಸರಿ. ಹುಡುಗಿಯರ ವಿಷಯ ಬೇರೆಯಾಗಿಬಿಡುತ್ತದೆ. ಹತ್ತು–ಹನ್ನೊಂದರ ಹೊತ್ತಿಗೆ ಮೈದಾನ ಪೂರ್ತಿ ಕ್ರಿಕೆಟ್ ಆಡುವ ದೊಡ್ಡ ಹುಡುಗರ ಪಾಲಾಗಿ, ಹುಡುಗಿಯರು ಅಂಚಿನ ಕಟ್ಟೆಗೆ ಸರಿಯುತ್ತಾರೆ, ಆಮೇಲೆ ಮನೆಗೆ. ಮಗಳಿಗಾಗಿ ಜಾಗ ಹುಡುಕುವವರು ಖೋಖೋ, ಥ್ರೋಬಾಲ್, ಸ್ಕೇಟಿಂಗ್, ಅಥ್ಲೆಟಿಕ್ಸ್ ಹೀಗೆ ನಿಗದಿತ ಸಮಯ, ನಿಗದಿತ ಜಾಗ ಇರುವ ಕಡೆಯನ್ನೇ ಆರಿಸಿ. ಶೌಚಾಲಯಕ್ಕೆ ಒಳಗಿನಿಂದ ಚಿಲಕ ಇದೆಯೇ, ನೀರು ಬರುತ್ತದೆಯೇ ಎಂದು ನೀವೇ ಒಳಹೊಕ್ಕು ನೋಡಿ. ಇದೊಂದು ಸರಿಯಿಲ್ಲದ್ದಕ್ಕೇ ಎಷ್ಟೋ ಹುಡುಗಿಯರು ಆಟ ಬಿಟ್ಟಿದ್ದಾರೆ.

ಮೈದಾನದ ಎರಡು ದೋಷ, ಧೂಳು ಮತ್ತು ಬಿಸಿಲು. ಫೆಬ್ರವರಿಯಿಂದ ಮೇ ತನಕ ಒಣ ಮೈದಾನದ ಕೆಂಧೂಳು ಉಬ್ಬಸದ ಮಕ್ಕಳಿಗೆ ತೊಂದರೆ ಕೊಡುತ್ತದೆ. ಅಂಚಿನಲ್ಲಿ ಪಾರ್ಥೇನಿಯಂ, ಅದೇ ಕಾಂಗ್ರೆಸ್ ಗಿಡ, ಬೆಳೆದಿದ್ದರೆ ಚರ್ಮ, ಮೂಗು ಎರಡಕ್ಕೂ ಅಲರ್ಜಿ. ಹೂ ಬಿಡುವ ಮೊದಲೇ ಕೈಗವಸು ಹಾಕಿಕೊಂಡು ಬೇರುಸಮೇತ ಕೀಳಬೇಕು. ಹೂ ಬಂದಮೇಲೆ ಕಿತ್ತರೆ ಪರಾಗ ಹರಡುತ್ತದೆ.

ಶಾಲೆ ಸೇರಿಸುವಾಗ ಮೈದಾನದ ಫೋಟೊ ತೋರಿಸುತ್ತಾರೆ. ನೀವು ಕೇಳಬೇಕಾದ್ದು: ನನ್ನ ಮಗುವಿನ ತರಗತಿಗೆ ವಾರಕ್ಕೆ ಎಷ್ಟು ಪಿ.ಟಿ. ಅವಧಿ, ಊಟದ ಬಿಡುವಿನಲ್ಲಿ ಹೊರಗೆ ಬಿಡುತ್ತೀರಾ, ಪರೀಕ್ಷೆ ಹತ್ತಿರ ಬಂದಾಗ ಆ ಅವಧಿಯನ್ನು ಗಣಿತಕ್ಕೆ ಕೊಡುತ್ತೀರಾ?

ಕೆರೆ ಏರಿ

ಜಕ್ಕೂರು, ಕೈಕೊಂಡ್ರಹಳ್ಳಿಯಂಥ ಪುನಶ್ಚೇತನಗೊಂಡ ಕೆರೆಗಳ ಸುತ್ತಿನ ದಾರಿ ಎಂಟು ದಾಟಿದ ಮಕ್ಕಳ ಮನಸ್ಸಿಗೆ ದೊಡ್ಡ ಕೊಡುಗೆ. ಹೆಜ್ಜಾರ್ಲೆ, ನೀರುಕಾಗೆ, ನಾಮದಕೋಳಿ, ಬಣ್ಣದ ಕೊಕ್ಕರೆ ಒಂದೇ ಬೆಳಗಿನಲ್ಲಿ ಕಾಣುತ್ತವೆ. ಅಗ್ಗದ 8×40 ದುರ್ಬೀನು ಮತ್ತು ಒಂದು ನೋಟ್‌ಬುಕ್ ಕೊಟ್ಟರೆ ಒಂದು ಗಂಟೆ ಹೋದದ್ದೇ ತಿಳಿಯದು. ದೂರ ನೋಡುವುದರಿಂದ ಕಣ್ಣಿಗೂ ವಿಶ್ರಾಂತಿ.

ಆದರೆ ಆಟದ ಜಾಗವಾಗಿ ಕೆರೆ ಏರಿ ಸೋಲುತ್ತದೆ. ಒಂದು ಬದಿ ನೀರು, ಇನ್ನೊಂದು ಬದಿ ಇಳಿಜಾರು. ಆರರೊಳಗಿನ ಇಬ್ಬರು ಮಕ್ಕಳಿಗೆ ಇಬ್ಬರು ದೊಡ್ಡವರು ಬೇಕೇ ಬೇಕು. ಕೊಳಚೆ ಸೇರುವ ಕೆರೆಯಾದರೆ ನೊರೆ, ವಾಸನೆ. ಅಲ್ಲಿಗೆ ಹೋಗಿ ಸಿಗುವುದೇನಿಲ್ಲ. ಮಳೆಗಾಲದಲ್ಲಿ ಸೊಳ್ಳೆಯ ಲೆಕ್ಕ ಇಟ್ಟುಕೊಳ್ಳಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲಿನಲ್ಲಿ, ಹೆಚ್ಚಾಗಿ ಬೆಳಗ್ಗೆ ಮತ್ತು ಸೂರ್ಯ ಮುಳುಗುವ ಮುಂಚಿನ ಎರಡು ಗಂಟೆ. ಅದು ಹುಟ್ಟುವುದು ತೆಂಗಿನ ಚಿಪ್ಪು, ಪ್ಲಾಸ್ಟಿಕ್ ಲೋಟ, ಟೈರುಗಳಲ್ಲಿ ನಿಂತ ನೀರಿನಲ್ಲಿ, ಹಾಗಾಗಿ ಕಸ ಬಿದ್ದ ಪಾರ್ಕೂ ಕೆರೆಯಷ್ಟೇ ಅಪಾಯ. ಉದ್ದ ತೋಳಿನ ತಿಳಿಬಣ್ಣದ ಅಂಗಿ, ಕಾಲುಮುಚ್ಚುವ ಪ್ಯಾಂಟು ಹಾಕಿ. ಲೆಮನ್ ಯೂಕಲಿಪ್ಟಸ್ ಎಣ್ಣೆಯ ಸೊಳ್ಳೆ ನಿವಾರಕವನ್ನು 3 ವರ್ಷದೊಳಗಿನವರಿಗೆ ಹಚ್ಚಬಾರದು.

ಲಾಲ್‌ಬಾಗ್, ಕಬ್ಬನ್ ಪಾರ್ಕ್

240 ಎಕರೆಯ ಲಾಲ್‌ಬಾಗ್, ಸುಮಾರು 300 ಎಕರೆಯ ಕಬ್ಬನ್ ಪಾರ್ಕ್ ಎರಡರಲ್ಲೂ ವಾಹನದ ಸದ್ದು ಹಿಂದೆ ಸರಿಯುವಷ್ಟು ಒಳಭಾಗವಿದೆ, ಮುದಿ ಮರಗಳಿವೆ. ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಹತ್ತಲು, ಜಾರಲು, ಮೇಲೆ ನಿಂತು ಊರು ನೋಡಲು ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಆಟದ ಸಾಮಾನು ಈ ನಗರದಲ್ಲಿಲ್ಲ. ಹತ್ತಿರದಲ್ಲೇ ಮನೆಯಿದ್ದವರು ಪುಣ್ಯವಂತರು, ಬೇರೇನೂ ಹುಡುಕಬೇಡಿ.

ದೂರದವರಿಗೆ ಲೆಕ್ಕ ಬೇರೆ. ವೈಟ್‌ಫೀಲ್ಡಿನಿಂದ ಭಾನುವಾರ ಹೊರಟು ಎರಡೂವರೆ ಗಂಟೆ ಆಡಿಸಿದರೆ ವಾರಕ್ಕೆ 150 ನಿಮಿಷ, ಅದಕ್ಕೆ ಸರಿಸಮನಾಗಿ ಕಾರಿನಲ್ಲಿ ಕೂತ ಹೊತ್ತು. ಮನೆ ಪಕ್ಕದ ಸಾಧಾರಣ ಪಾರ್ಕಿನಲ್ಲಿ ವಾರಕ್ಕೆ ಐದು ದಿನ 45 ನಿಮಿಷವಾದರೆ 225 ನಿಮಿಷ. ಕಣ್ಣು, ನಿದ್ದೆ, ಹಸಿವು ಇವೆಲ್ಲ ದಿನದಿನದ ಅಭ್ಯಾಸಕ್ಕೆ ಒಗ್ಗುವಂಥವು. ಒಂದೇ ದಿನ ತುಂಬಿಕೊಟ್ಟರೆ ಆಗದು. ದೊಡ್ಡ ಉದ್ಯಾನವನ್ನು ತಿಂಗಳಿಗೊಮ್ಮೆಯ ಹಬ್ಬವಾಗಿ ಇಟ್ಟುಕೊಳ್ಳಿ. ಜನವರಿ 26, ಆಗಸ್ಟ್ 15ರ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಸಣ್ಣ ಮಕ್ಕಳನ್ನು ಕರೆದೊಯ್ಯಬೇಡಿ, ಓಡಲು ಜಾಗವೇ ಇರುವುದಿಲ್ಲ.

ಎತ್ತರದ ಬೂರುಗ, ಆಲದ ಕೊಂಬೆಗಳಲ್ಲಿ ಹೆಜ್ಜೇನು ಗೂಡುಗಳಿದ್ದರೆ ಅದರಡಿ ಬುತ್ತಿ ಬಿಚ್ಚಬೇಡಿ. ಹುಳು ಎದ್ದರೆ ಕೈ ಬೀಸದೆ, ಮಗುವಿನ ಮುಖ ಮುಚ್ಚಿ, ಕಟ್ಟಡ ಅಥವಾ ಕಾರಿನೊಳಗೆ ಓಡಬೇಕು. ಏಪ್ರಿಲ್–ಮೇ ಗಾಳಿಮಳೆ ಬರುವ ಮುನ್ನ ಗುಲ್‌ಮೊಹರ್, ಮಳೆಮರಗಳ ಕೆಳಗಿನಿಂದ ಹೊರಬನ್ನಿ. ಕೊಂಬೆ ಮುರಿದು ಬೀಳುವುದು ಇವುಗಳದೇ ಹೆಚ್ಚು.

ತುರಹಳ್ಳಿ, ಬನ್ನೇರುಘಟ್ಟದ ಅಂಚಿನಂಥ ಕಾಡು ಹತ್ತು ದಾಟಿದವರಿಗೆ, ಅನುಮತಿ ಇರುವ ದಾರಿಯಲ್ಲಿ, ಹಗಲಲ್ಲಿ ಮಾತ್ರ. ಬನ್ನೇರುಘಟ್ಟ ಆನೆಗಳ ನೆಲ. ಇನ್ನು ಬಾಲ್ಕನಿಯ ಕುಂಡಗಳು: ಮಣ್ಣಿನ ಒಡನಾಟಕ್ಕೆ, ಆರೈಕೆ ಕಲಿಯಲಿಕ್ಕೆ ಚೆನ್ನ. ಮೆಂತ್ಯ ಬಿತ್ತಿದರೆ ನಾಲ್ಕೈದು ದಿನಕ್ಕೆ ಮೊಳಕೆ ಕಾಣುವುದರಿಂದ ಮಗು ಬೇಸರಪಡುವುದಿಲ್ಲ. ಆದರೆ ಓಟಕ್ಕೆ ಅದು ಬದಲಿಯಲ್ಲ.

ಎರಡರ ನಡುವೆ ಸಿಕ್ಕಿಕೊಂಡಾಗ

ಹತ್ತಿರದ ಚಿಕ್ಕ ಪಾರ್ಕು, ದೂರದ ದೊಡ್ಡ ಪಾರ್ಕು: ಹತ್ತಿರದ್ದು. ಒಳ್ಳೆಯ ಆಟದ ಸಾಮಾನು ಆದರೆ ನೆರಳಿಲ್ಲ, ಒಳ್ಳೆಯ ನೆರಳು ಆದರೆ ಸಾಮಾನಿಲ್ಲ: ನೆರಳು. ಪೋಡಿಯಂ ಅಥವಾ ಪಾರ್ಕು ಎಂದರೆ, ವಯಸ್ಸು ನೋಡಿ. ಮೂರರೊಳಗಿನ ಮಗುವಿಗೆ ಪೋಡಿಯಂ ಸಾಕು, ಅದರ ಜೊತೆ ಒಂದು ಬುಟ್ಟಿ ಮಣ್ಣು, ನೀರು ಇದ್ದರೆ ಮತ್ತೂ ಚೆನ್ನ. ನಾಲ್ಕರಿಂದ ಮುಂದೆ ಪಾರ್ಕಿನ ಏರಿಳಿತದ ನೆಲ ಬೇಕೇ ಬೇಕು, ಸಮತೋಲನ ಕಲಿಯುವುದು ಸಮತಟ್ಟಾದ ಟೈಲ್ಸ್ ಮೇಲಲ್ಲ.

ಉಬ್ಬಸದ ಮಗುವಿಗೆ ಮೊದಲು ನೋಡಬೇಕಾದ್ದು ಮುಖ್ಯರಸ್ತೆಯಿಂದ ದೂರ; ರಸ್ತೆಯಿಂದ ಕನಿಷ್ಠ 100 ಮೀಟರ್ ಆಚೆಗಿದ್ದರೆ ಒಳ್ಳೆಯದು. ನವೆಂಬರಿನಿಂದ ಫೆಬ್ರವರಿ ತನಕ ಬೆಳಗಿನ ಏಳರಿಂದ ಒಂಬತ್ತು ಬೇಡ: ತಣ್ಣನೆಯ ಗಾಳಿ ಕೆಳಗೇ ನಿಂತು ಹೊಗೆಯನ್ನು ಹಿಡಿದಿಟ್ಟಿರುತ್ತದೆ. ಮೂರೂವರೆಯಿಂದ ಐದೂವರೆ ಉತ್ತಮ. ಇನ್‌ಹೇಲರ್, ಸ್ಪೇಸರ್ ಚೀಲದಲ್ಲಿರಲಿ. ಹಸಿರಿಗೆ ಹೆದರಿ ಮನೆಯೊಳಗೆ ಕೂರಿಸುವುದಂತೂ ಪರಿಹಾರವಲ್ಲ.

ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ಸಮಸ್ಯೆ) ಇರುವ ಮಗುವಿಗೆ ಗಲಾಟೆಯ ಆಟದ ಮೂಲೆಗಿಂತ ಮರಗಳ ನಡುವಿನ ನಡಿಗೆಯನ್ನು ಮೊದಲು ಪ್ರಯತ್ನಿಸಿ. 17 ಮಕ್ಕಳ ಸಣ್ಣ ಅಧ್ಯಯನದಲ್ಲಿ (2009) ಪಾರ್ಕಿನಲ್ಲಿ 20 ನಿಮಿಷ ನಡೆದ ಬಳಿಕ, ಪೇಟೆ ರಸ್ತೆಯಲ್ಲಿ ನಡೆದದ್ದಕ್ಕಿಂತ ಗಮನ ಉತ್ತಮವಾಗಿತ್ತು. ಹೋಂವರ್ಕಿಗೆ ಕೂರುವ ಮುಂಚಿನ 20 ನಿಮಿಷ ಇದಕ್ಕೆ ಮೀಸಲಿಡಬಹುದು. ಔಷಧಿ ನಿಲ್ಲಿಸುವ ಮಾತು ಬೇಡ. ಗಾಲಿಕುರ್ಚಿ ಬಳಸುವ, ಬೇರೆ ಅಗತ್ಯಗಳಿರುವ ಮಕ್ಕಳ ಮನೆಯವರು ಕೋಲ್ಸ್ ಪಾರ್ಕಿನ ಆಟದ ಜಾಗವನ್ನೊಮ್ಮೆ ನೋಡಿ. ‘ಕಿಲಿಕಿಲಿ’ ಸಂಸ್ಥೆಯ ಪೋಷಕರು ಪಾಲಿಕೆಯ ಜೊತೆ ಸೇರಿ ಎಲ್ಲ ಮಕ್ಕಳೂ ಒಟ್ಟಿಗೆ ಆಡುವಂತೆ ರೂಪಿಸಿದ್ದು ಅದು.

ಒಂದು ಸಲ ಹೋಗಿ ನೋಡುವಾಗ

ವಾರದ ದಿನ, ಸಂಜೆ ನಾಲ್ಕಕ್ಕೆ ಹೋಗಿ. ಭಾನುವಾರ ಬೆಳಗ್ಗೆ ಎಲ್ಲ ಪಾರ್ಕೂ ಚೆಂದವೇ. ಜೊತೆಗೆ ಅಳತೆ ಟೇಪು ಇರಲಿ.

ಜಾರುಬಂಡೆಯ ಮೇಲೆ ಅಂಗೈ ಇಟ್ಟು ಐದು ಎಣಿಸಿ. ನಿಮಗೆ ತಡೆಯಲಾಗದಿದ್ದರೆ ಮಗುವಿನ ತೊಡೆ ಸುಡುತ್ತದೆ. ಕಂಬಿಗಳ, ಹಗ್ಗಗಳ ನಡುವಿನ ಸಂದು 9 ಸೆಂ.ಮೀ.ಗಿಂತ ಹೆಚ್ಚು, 23 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಅಪಾಯ: ಮೈ ತೂರುತ್ತದೆ, ತಲೆ ಸಿಕ್ಕಿಕೊಳ್ಳುತ್ತದೆ. ಜಾರುಬಂಡೆ, ಜೋಕಾಲಿಯ ಕೆಳಗೆ ಕಡ್ಡಿ ಚುಚ್ಚಿ ನೋಡಿ. ಸಡಿಲ ಮರಳು 30 ಸೆಂ.ಮೀ. ಆಳ ಇರಬೇಕು. ತುಳಿತಕ್ಕೆ ಮರಳು ಸರಿದು, ಜೋಕಾಲಿಯ ನೇರ ಕೆಳಗೆ ಗಟ್ಟಿ ನೆಲ ಬಂದಿರುವುದೇ ಹೆಚ್ಚು, ಮಕ್ಕಳು ಬೀಳುವುದೂ ಅಲ್ಲೇ. ಸುತ್ತ 180 ಸೆಂ.ಮೀ. ತನಕ ಕಲ್ಲಿನ ಅಂಚು, ಕಟ್ಟೆ ಇರಬಾರದು. ಕಂಬದ ಬುಡದ ಕಾಂಕ್ರೀಟು ಮಣ್ಣಿನಿಂದ ಮೇಲೆ ಎದ್ದಿದ್ದರೆ, ಸರಪಳಿಯ ಕೊಕ್ಕೆ ಸವೆದು ಬಾಯಿ ಬಿಟ್ಟಿದ್ದರೆ ಆ ಸಾಮಾನು ಬಿಟ್ಟುಬಿಡಿ.

ಮರಳಿನಲ್ಲಿ ನಾಯಿ, ಬೆಕ್ಕಿನ ಹೇಲು ಇದೆಯೇ ಗಮನಿಸಿ, ಅದರಿಂದ ಜಂತುಹುಳು ಬರುತ್ತದೆ. ಆಟ ಮುಗಿದ ಕೂಡಲೇ ಸೋಪಿನಿಂದ ಕೈ ತೊಳೆಸುವುದು, ಉಗುರು ಗಿಡ್ಡವಿಡುವುದು, ಫೆಬ್ರವರಿ 10 ಮತ್ತು ಆಗಸ್ಟ್ 10ರಂದು ಶಾಲೆ–ಅಂಗನವಾಡಿಗಳಲ್ಲಿ ಕೊಡುವ ಅಲ್ಬೆಂಡಜೋಲ್ ಮಾತ್ರೆ ತಪ್ಪಿಸದಿರುವುದು, ಇಷ್ಟಿದ್ದರೆ ಮಣ್ಣಾಟಕ್ಕೆ ಹೆದರಬೇಕಿಲ್ಲ. ನಾಯಿ ಕಚ್ಚಿದರೆ, ಪರಚಿದರೂ ಸರಿ, ಹರಿಯುವ ನೀರು ಮತ್ತು ಸೋಪಿನಲ್ಲಿ 15 ನಿಮಿಷ ಗಾಯ ತೊಳೆದು ಅದೇ ದಿನ ರೇಬಿಸ್ ಲಸಿಕೆ ಶುರುಮಾಡಿಸಬೇಕು. ಅರಿಸಿನ, ಸುಣ್ಣ, ಖಾರದ ಪುಡಿ ಹಚ್ಚಬೇಡಿ. ಹಾವು ಕಚ್ಚಿದರೆ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ. ಕಚ್ಚಿದ ಕೈ ಅಥವಾ ಕಾಲು ಅಲುಗದಂತೆ ಇಟ್ಟು, ಮಗುವನ್ನು ನಡೆಸದೆ ಎತ್ತಿಕೊಂಡು ನೇರ ಆಸ್ಪತ್ರೆಗೆ ಹೋಗಿ.

ಬೇಸಿಗೆಯಲ್ಲಿ ಓಡಾಡುವ 9–12 ವರ್ಷದವರಿಗೆ 20 ನಿಮಿಷಕ್ಕೊಮ್ಮೆ 100ರಿಂದ 250 ಮಿ.ಲೀ. ನೀರು ಬೇಕು. ಪಾರ್ಕಿನಲ್ಲಿ ಕುಡಿಯುವ ನೀರು ಇಲ್ಲದಿದ್ದರೆ ಒಂದು ಲೀಟರ್ ಬಾಟಲಿ ಜೊತೆಗಿರಲಿ.

ಇರುವ ಪಾರ್ಕನ್ನೇ ಸರಿಮಾಡಿಸುವುದು

ಹತ್ತಿರದ ಪಾರ್ಕಿಗೆ ಈ ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದರೆ ದೂರದ್ದನ್ನು ಹುಡುಕುವ ಮೊದಲು ಇದನ್ನು ಸರಿಪಡಿಸಲು ನೋಡಿ. ಕರ್ನಾಟಕದಲ್ಲಿ ಉದ್ಯಾನ, ಆಟದ ಮೈದಾನ, ಬಯಲು ಜಾಗಗಳ ರಕ್ಷಣೆಗೆ 1985ರ ಕಾಯ್ದೆಯೇ ಇದೆ. ಪಾರ್ಕಿನ ಮೂಲೆಯಲ್ಲಿ ಕಟ್ಟಡ ಏಳುವ ಸೂಚನೆ ಕಂಡರೆ ಅದರ ಹೆಸರು ಹೇಳಿ ಬರಹದಲ್ಲಿ ಆಕ್ಷೇಪ ಕೊಡಬಹುದು. ದಿನನಿತ್ಯದ ಬೇಡಿಕೆಗಳು ಪಾಲಿಕೆಯ ತೋಟಗಾರಿಕೆ ವಿಭಾಗಕ್ಕೆ ಹೋಗಬೇಕು. ‘ಪಾರ್ಕ್ ಅಭಿವೃದ್ಧಿಪಡಿಸಿ’ ಎಂದು ಬರೆದರೆ ಕಾರಂಜಿ, ಬಣ್ಣದ ದೀಪ, ಇನ್ನಷ್ಟು ಟೈಲ್ಸ್ ಬರುತ್ತವೆ. ಅದರ ಬದಲು ಒಂದೊಂದನ್ನೇ ಸ್ಪಷ್ಟವಾಗಿ ಕೇಳಿ: ಮಧ್ಯಾಹ್ನ ಮೂರರ ಮೇಲೆ ಗೇಟು ತೆರೆದಿರಲಿ, ನಾಲ್ಕರಿಂದ ಆರು ಹುಲ್ಲಿನ ಒಂದು ಭಾಗ ಮಕ್ಕಳಿಗೆ ಬಿಡಿ, ಜೋಕಾಲಿ ಕೆಳಗೆ ಮರಳು ತುಂಬಿಸಿ, ಒಂದು ಮೂಲೆಯನ್ನು ಅಗೆದು ಆಡುವ ಮಣ್ಣಾಗಿಯೇ ಉಳಿಸಿ.

ಮರ ನೆಡಿಸುವುದಾದರೆ ಜಾಗ ಮುಖ್ಯ. ಮಕ್ಕಳು ಆಡುವ ಹೊತ್ತಿನ ಬಿಸಿಲು ಪಶ್ಚಿಮದಿಂದ ಬೀಳುವುದರಿಂದ ಆಟದ ಸಾಮಾನಿನ ಪಶ್ಚಿಮ ಮತ್ತು ನೈಋತ್ಯಕ್ಕೆ, ಮೂರು ನಾಲ್ಕು ಮೀಟರ್ ಬಿಟ್ಟು ನೆಡಬೇಕು. ಪೂರ್ವಕ್ಕೆ ನೆಟ್ಟರೆ ಸಂಜೆ ನೆರಳು ಬೀಳುವುದು ಪಕ್ಕದ ರಸ್ತೆಗೆ. ಹೊಂಗೆ, ಬೇವು, ನೇರಳೆ ಒಳ್ಳೆಯವು. ಕೊಂಬೆ ಮುರಿಯುವ ಗುಲ್‌ಮೊಹರ್ ಬೇಡ. ಜೂನ್ ಮಳೆ ಹಿಡಿದಮೇಲೆ ಆರಡಿ ಎತ್ತರದ ಸಸಿ ನೆಟ್ಟು, ಊರುಗೋಲು ಮತ್ತು ದನ ಮುಟ್ಟದ ಬೇಲಿ ಕಟ್ಟಿ, ಮುಂದಿನ ಎರಡು ಬೇಸಿಗೆ ವಾರಕ್ಕೆರಡು ಸಲ ನೀರು ಹಾಕುವವರು ಯಾರೆಂದು ನೆಡುವ ದಿನವೇ ಹೆಸರು ಗೊತ್ತುಮಾಡಿಕೊಳ್ಳಿ. ಪಾರ್ಕುಗಳಲ್ಲಿ ಸಸಿ ಸಾಯುವುದು ಹೆಚ್ಚಾಗಿ ಮೊದಲ ಮಾರ್ಚ್ ತಿಂಗಳಲ್ಲೇ.